ಮೆಕ್ಕೆಜೋಳದ ನಡುವಿನ ಕಾಲುದಾರಿ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ನಡೆಯಲು ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಆರ್ಡ್‌ನೆನ್ಸ್ ಸರ್ವೆಯವರ ಎಕ್ಸ್‌ಪ್ಲೋರರ್ ನಕ್ಷೆ ಇರುತ್ತದೆ. ನೆಲದ ಮೇಲಿನ ಒಂದು ಕಿಲೋಮೀಟರಿಗೆ ಅದರಲ್ಲಿ ನಾಲ್ಕು ಸೆಂಟಿಮೀಟರು. ಹೊಲ ಹೊಲದ ಬೇಲಿಯೂ ಕಾಣುವಷ್ಟು ವಿವರ. ಆ ಬೇಲಿಗಳನ್ನು ಲೆಕ್ಕಿಸದೆ, ಹೊಲದ ನಟ್ಟನಡುವೆ, ಕೆಲವು ಕಡೆ ರೈತನ ಅಂಗಳದೊಳಗೇ ಹಾದುಹೋಗುವ ಹಸಿರು ತುಂಡುಗೆರೆಗಳು ಅದರ ತುಂಬ ಹರಡಿಕೊಂಡಿವೆ. ಒಂದೊಂದು ಗೆರೆಯೂ ಒಂದು ಸಾರ್ವಜನಿಕ ಹಾದಿ. ಅದು ಹಾಯುವ ಜಮೀನು ಖಾಸಗಿಯವರದು; ನಡೆಯುವ ಹಕ್ಕು ಮಾತ್ರ ಊರವರದು, ಪರ ಊರವರದು, ಅಷ್ಟು ದೂರದಿಂದ ಹೋದ ನನ್ನಂಥವರದೂ. ಇಂಗ್ಲೆಂಡ್ ಮತ್ತು ವೇಲ್ಸ್ ಎರಡರಲ್ಲಿ ಸೇರಿ ಇಂಥ ಹಾದಿಗಳ ಉದ್ದ ಸುಮಾರು 2,25,000 ಕಿಲೋಮೀಟರು. ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಹಣ ಕೊಡಬೇಕಿಲ್ಲ. ಮಲೆನಾಡಿನಲ್ಲಿ ಒಬ್ಬರ ತೋಟದಿಂದ ಇನ್ನೊಬ್ಬರ ಗದ್ದೆಗೆ ಅಗಳ ದಾಟಿ, ಬೇಲಿ ನುಸಿದು ಬೆಳೆದ ನನಗೆ ಆ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡಾಗ ಆದ ಸಂತೋಷ ಸಣ್ಣದಲ್ಲ.

ನಕ್ಷೆಯಲ್ಲಿದ್ದ ಮಾತ್ರಕ್ಕೆ ಹಾದಿ ನೆಲದ ಮೇಲೆ ಇರುತ್ತದೆ ಎಂದೇನೂ ಇಲ್ಲ ಎಂಬುದು ಗೊತ್ತಾದದ್ದು ಚೆಷೈರ್ ಬಯಲಿನಲ್ಲಿ.

ತಂಗಿಯ ಮನೆ ಮ್ಯಾಂಚೆಸ್ಟರಿಗೆ ಅಂಟಿಕೊಂಡಿರುವ ಸ್ಟಾಕ್‌ಪೋರ್ಟಿನಲ್ಲಿದೆ. ಅಲ್ಲಿಂದ ಪೂರ್ವಕ್ಕೆ ಹೋದರೆ ಪೀಕ್ ಡಿಸ್ಟ್ರಿಕ್ಟಿನ ಬೋಳು ಗುಡ್ಡಗಳು. ದಕ್ಷಿಣಕ್ಕೆ ಇಳಿದರೆ ಹೈನುಗಾರಿಕೆಗೆ ಹೆಸರಾದ ಚೆಷೈರ್. ದನಗಳಿಗೆ ಚಳಿಗಾಲದ ಮೇವಿಗೆಂದು ಅಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ. ನಾನು ಹೋದದ್ದು ಆಗಸ್ಟಿನಲ್ಲಿ, ಜೋಳ ಆಳೆತ್ತರ ಮೀರಿದ ಕಾಲ. ನನ್ನ ಜೊತೆಗೆ ತಂಗಿಯ ಪಕ್ಕದ ಮನೆಯವರು, ನಿವೃತ್ತ ಶಿಕ್ಷಕಿ, ಬಂದಿದ್ದರು. ಪೀಕ್ ಅಂಡ್ ನಾರ್ದರ್ನ್ ಫುಟ್‌ಪಾತ್ಸ್ ಸೊಸೈಟಿ ಎಂಬ ಸಂಘಕ್ಕೆ ಅವರು ಸಂಬಳವಿಲ್ಲದ ತಪಾಸಣೆಗಾರರು. ಸಂಘ ಅವರಿಗೆ ಒಂದು ಪ್ಯಾರಿಷ್, ಅಂದರೆ ಒಂದು ಹಳ್ಳಿಯ ಸರಹದ್ದು, ಒಪ್ಪಿಸಿದೆ. ಅದರೊಳಗಿನ ಪ್ರತಿಯೊಂದು ಹಾದಿಯನ್ನೂ ನಡೆದು, ಎಲ್ಲಿ ತಡಮೆ ಮುರಿದಿದೆ, ಎಲ್ಲಿ ಗೇಟಿಗೆ ಬೀಗ ಬಿದ್ದಿದೆ, ಎಲ್ಲಿ ಕೈಕಂಬ ಬಿದ್ದುಹೋಗಿದೆ ಎಂದು ಬರೆದು ಕಳಿಸುವುದು ಅವರ ಕೆಲಸ. ಎಪ್ಪತ್ತು ದಾಟಿದ ಹೆಂಗಸು, ಬೆನ್ನಿಗೊಂದು ಚೀಲ, ಕೈಯಲ್ಲಿ ಊರುಗೋಲು. ನಡಿಗೆಯಲ್ಲಿ ನಾನು ಅವರಿಗೆ ಸರಿಸಾಟಿಯಾಗಲಿಲ್ಲ.

ಹಳ್ಳಿಯ ಚರ್ಚಿನ ಹಿಂದಿನಿಂದ ಹೊರಟ ಹಾದಿ ಮೊದಲು ಹುಲ್ಲುಗಾವಲಿನಲ್ಲಿ ಸಲೀಸಾಗಿ ಸಾಗಿತು. ಮೂರನೆಯ ಬೇಲಿಯಲ್ಲಿ ಮರದ ತಡಮೆ, ಅದರ ಕಂಬಕ್ಕೆ ಹಳದಿ ಬಾಣದ ಗುರುತು. ಹಳದಿಯೆಂದರೆ ನಡೆಯುವವರ ಹಾದಿ. ಕುದುರೆಯವರೂ ಸೈಕಲ್ಲಿನವರೂ ಹೋಗಬಹುದಾದರೆ ನೀಲಿ ಬಾಣ. ನಾವು ತಡಮೆ ಹತ್ತಿ ನಿಂತೆವು. ಬಾಣ ನೇರ ಮುಂದಕ್ಕೆ ತೋರಿಸುತ್ತಿತ್ತು. ಮುಂದೆ ಎಡದಿಂದ ಬಲಕ್ಕೆ ಕಣ್ಣು ಹಾಯುವ ತನಕ ಮೆಕ್ಕೆಜೋಳ, ನಡುವೆ ಒಂದು ಗೇಣೂ ಬಿಡದ ಹಾಗೆ ಬಿತ್ತಿದ್ದು.

“ಅಂಚಿನಲ್ಲೇ ಸುತ್ತಿಕೊಂಡು ಹೋಗೋಣವೇ?” ಎಂದೆ.

“ಹೋಗಬಹುದು, ಯಾರೂ ಬೈಯುವುದಿಲ್ಲ” ಎಂದರು ಅವರು. “ಆದರೆ ಬಂದವರೆಲ್ಲ ಸುತ್ತಿಕೊಂಡೇ ಹೋದರೆ ನಾಲ್ಕು ವರ್ಷ ಬಿಟ್ಟು, ಇಲ್ಲಿ ಯಾರೂ ನಡೆಯುವುದೇ ಇಲ್ಲವಲ್ಲ ಎಂದು ಹೊಲದವರೇ ಹೇಳುತ್ತಾರೆ. ನಾವು ಒಳಗೇ ಹೋಗೋಣ.”

ಅವರು ದಿಕ್ಸೂಚಿ ತೆಗೆದು ನಕ್ಷೆಯ ಮೇಲಿಟ್ಟು, ದೂರದ ಒಂದು ಓಕ್ ಮರದ ನೆತ್ತಿಯನ್ನು ಗುರುತು ಹಿಡಿದರು. ಆಮೇಲೆ ಒಳಗೆ ನುಗ್ಗಿದೆವು. ಹಿಂದಿನ ರಾತ್ರಿಯ ಮಳೆಗೆ ಎಲೆಗಳೆಲ್ಲ ತೊಯ್ದಿದ್ದವು. ಹತ್ತು ಹೆಜ್ಜೆಗೆ ಅಂಗಿ ಒದ್ದೆ, ಗರಿಯ ಅಂಚು ತಾಗಿ ಕೈಯೆಲ್ಲ ಗೀರು. ದಂಟು ಮುರಿಯದಂತೆ ಅವರು ಒಂದೊಂದನ್ನೂ ಪಕ್ಕಕ್ಕೆ ಸರಿಸಿ ಹೆಜ್ಜೆಯಿಡುತ್ತಿದ್ದರು. ಹಕ್ಕಿದೆ ಎಂದು ಬೆಳೆಯ ಮೇಲೆ ಸಿಟ್ಟು ತೀರಿಸಿಕೊಳ್ಳುವ ಜಾತಿಯವರಲ್ಲ. ಓಕ್ ಮರ ಕಾಣೆಯಾಗಿ ಬಹಳ ಹೊತ್ತಾಗಿತ್ತು. ಸಾಲು ತಪ್ಪದಂತೆ ನಡೆಯುವುದೊಂದೇ ದಾರಿ. ಆಚೆಯ ಬೇಲಿ ಸಿಕ್ಕಾಗ ಅಲ್ಲಿನ ತಡಮೆಯಿಂದ ಹತ್ತು ಮಾರು ಮಾತ್ರ ದೂರ ಬಂದಿದ್ದೆವು.

ಅಲ್ಲಿ ಕೂತು ಅವರು ಕಾನೂನು ಹೇಳಿದರು. 1980ರ ಹೈವೇಸ್ ಕಾಯಿದೆಯ ಪ್ರಕಾರ ಹೊಲದ ಅಂಚಿನ ಹಾದಿಯನ್ನು ಉಳುವ ಹಾಗೇ ಇಲ್ಲ. ಹೊಲದ ನಡುವೆ ಹಾಯುವುದನ್ನು, ಬೇರೆ ಅನುಕೂಲ ಇಲ್ಲದಿದ್ದರೆ, ಉಳಬಹುದು. ಆದರೆ ಬಿತ್ತನೆಗೆಂದು ಮೊದಲ ಸಲ ಉತ್ತ ಹದಿನಾಲ್ಕು ದಿನದೊಳಗೆ ಹಾದಿಯನ್ನು ಮತ್ತೆ ಸಮ ಮಾಡಿ, ಕಣ್ಣಿಗೆ ಕಾಣುವಂತೆ ಗುರುತು ಮಾಡಿಕೊಡಬೇಕು. ಆಮೇಲೆ ಮತ್ತೆ ಕೆದಕಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ. ದಾಖಲೆಯಲ್ಲಿ ಅಗಲ ಬರೆದಿಲ್ಲದಿದ್ದರೆ ಹೊಲದ ನಡುವೆ ಕನಿಷ್ಠ ಒಂದು ಮೀಟರ್, ಅಂಚಿನಲ್ಲಿ ಒಂದೂವರೆ ಮೀಟರ್ ಬಿಡಬೇಕು. ಅಷ್ಟರೊಳಗೆ ಬೆಳೆ ಬೆಳೆಯಬಾರದು. ಒಂದು ಮೀಟರ್ ಎಂದರೆ ಆ ಹೊಲದಲ್ಲಿ ಒಂದೆರಡು ಸಾಲು ಜೋಳ.

ಮುಂದಿನ ಅಡ್ಡಿ ಅಷ್ಟು ಮುಗ್ಧವಾಗಿರಲಿಲ್ಲ. ಹಳೆಯ ತಡಮೆಯ ಮೇಲ್ಹಲಗೆಗೆ ಮುಳ್ಳುತಂತಿ ಬಿಗಿದಿತ್ತು, ಎರಡು ಸುತ್ತು, ಹೊಸ ಮೊಳೆ ಹೊಡೆದು. ಪಕ್ಕದ ಮರದ ಮೇಲೆ “ಖಾಸಗಿ, ಪ್ರವೇಶವಿಲ್ಲ” ಎಂಬ ಫಲಕ. ನಮ್ಮ ಕಡೆಯಲ್ಲಿ ಹೀಗೊಂದು ತಂತಿ ಕಂಡರೆ ಎರಡೇ ನಡೆಯುತ್ತವೆ: ಒಂದೋ ತಲೆ ತಗ್ಗಿಸಿ ವಾಪಸು ಬರುತ್ತೇವೆ, ಇಲ್ಲವೇ ಕತ್ತಿ ಹಿಡಿದು ಜಗಳಕ್ಕೆ ಹೋಗುತ್ತೇವೆ. ಅವರು ಎರಡನ್ನೂ ಮಾಡಲಿಲ್ಲ. ಮೊದಲು ಫೋಟೋ ತೆಗೆದರು: ತಂತಿಯದು ಒಂದು, ಫಲಕದ್ದು ಒಂದು, ಹಿನ್ನೆಲೆಯ ಮನೆ ಕಾಣುವಂತೆ ದೂರದಿಂದ ಒಂದು. ಹಾದಿಯಲ್ಲಿ ಹೋಗುತ್ತಿರುವವನು ಅಡ್ಡಿ ಎದುರಾದರೆ ದಾಟಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಸರಿಸಬಹುದು ಎಂಬುದು ಅಲ್ಲಿನ ಹಳೆಯ ನ್ಯಾಯ. ಆದರೆ ಕೆಡವಬೇಕೆಂದೇ ಮನೆಯಿಂದ ಹೊರಟವನಿಗೆ ಆ ರಕ್ಷಣೆ ಇಲ್ಲ. ಅದಕ್ಕಾಗಿಯೇ ಅವರ ಚೀಲದಲ್ಲಿ ಬ್ಲ್ಯಾಕ್‌ಬೆರಿ ಬಳ್ಳಿ, ತುರಚೆ ಗಿಡ ಸವರುವ ಸಣ್ಣ ಕತ್ತರಿ ಇತ್ತೇ ಹೊರತು ತಂತಿ ಕತ್ತರಿಸುವ ಇಕ್ಕಳ ಇರಲಿಲ್ಲ. ದಪ್ಪ ಕೋಟನ್ನು ಮಡಚಿ ತಂತಿಯ ಮೇಲೆ ಹಾಸಿ, ಒಬ್ಬರಿಗೊಬ್ಬರು ಕೈ ಕೊಟ್ಟು ದಾಟಿಕೊಂಡೆವು. ಜನರನ್ನು ಹೆದರಿಸುವ ಸುಳ್ಳು ಫಲಕವನ್ನು ಸಾರ್ವಜನಿಕ ಹಾದಿಯಲ್ಲಿ ಹಾಕುವುದು 1949ರಿಂದಲೇ ಅಪರಾಧ ಎಂದರು. ನನಗೆ ಮುಳ್ಳುತಂತಿಗಿಂತ ಫಲಕವೇ ಕೆಟ್ಟದೆನಿಸಿತು. ತಂತಿ ಒಬ್ಬರ ಬಟ್ಟೆ ಹರಿಯುತ್ತದೆ. ಫಲಕ ನೋಡಿ ಹಿಂದಿರುಗಿದವರು ಎಷ್ಟು ಮಂದಿ ಎಂಬುದು ಯಾರಿಗೂ ತಿಳಿಯುವುದಿಲ್ಲ. ಹೋಗಬಾರದ ಕಡೆಗೆ ಬಂದುಬಿಟ್ಟೆವಲ್ಲ ಎಂಬ ನಾಚಿಕೆಯಲ್ಲಿ ಅವರು ಸುಮ್ಮನಾಗುತ್ತಾರೆ.

ದಾರಿಯಲ್ಲಿ ಒಂದು ಹೋರಿಯೂ ಸಿಕ್ಕಿತು. ಅದಕ್ಕೂ ಅಲ್ಲಿ ಕಾನೂನಿದೆ. ಫ್ರೀಸಿಯನ್, ಜೆರ್ಸಿಯಂಥ ಹಾಲಿನ ತಳಿಯ ಹೋರಿ ಹತ್ತು ತಿಂಗಳು ದಾಟಿದ್ದರೆ ಹಾದಿ ಹಾಯುವ ಹೊಲದಲ್ಲಿ ಬಿಡುವಂತಿಲ್ಲ. ಉಳಿದ ತಳಿಯದಾದರೆ ಹಸುಗಳ ಜೊತೆಗೆ ಬಿಡಬಹುದು. ನಾವು ಕಂಡದ್ದು ಹಸುಗಳ ನಡುವೆ ಮಲಗಿ ಮೆಲುಕು ಹಾಕುತ್ತಿದ್ದ ಕೆಂಪು ಹೋರಿ. ಅದು ತಲೆಯೆತ್ತಲಿಲ್ಲ. ನಾವು ದೂರದಿಂದಲೇ ಹಾದು ಹೋದೆವು.

ಆ ಹೊಲದ ಆಚೆ ಗೇಟಿನ ಹತ್ತಿರ ಟ್ರ್ಯಾಕ್ಟರ್ ನಿಲ್ಲಿಸಿಕೊಂಡಿದ್ದ ರೈತನೊಬ್ಬ ಮಾತಿಗೆ ಸಿಕ್ಕ. ಜೋಳದ ಹೊಲ ಅವನದಲ್ಲ, ನೆಂಟರದಂತೆ. ಬಿತ್ತನೆಗೆ ಗುತ್ತಿಗೆಯ ಯಂತ್ರ ಬರುತ್ತದೆ, ಡ್ರೈವರನಿಗೆ ಹಾದಿ ಗೊತ್ತಿರುವುದಿಲ್ಲ, ಈ ಮೂಲೆಯಿಂದ ಆ ಮೂಲೆಗೆ ಎಳೆದುಕೊಂಡು ಹೋಗುತ್ತಾನೆ. ಮೊಳಕೆ ಬಂದ ಮೇಲೆ ದಾರಿಯಷ್ಟಗಲ ಸಾಲು ಕಿತ್ತು ಅಥವಾ ಔಷಧಿ ಹೊಡೆದು ಬಿಡಿಸಬೇಕು, ಅದನ್ನು ಮರೆಯುತ್ತಾರೆ ಎಂದ. ಆಮೇಲೆ ತನ್ನ ಕಷ್ಟವನ್ನೂ ಹೇಳಿಕೊಂಡ. ಬಿಚ್ಚಿಬಿಟ್ಟ ನಾಯಿಗಳು ಗಬ್ಬದ ಕುರಿಗಳನ್ನು ಅಟ್ಟಾಡಿಸಿದ್ದು, ಗೇಟು ಹಾಕದೆ ಹೋದವರಿಂದ ದನ ರಸ್ತೆಗೆ ನುಗ್ಗಿದ್ದು. 2001ರಲ್ಲಿ ಕಾಲುಬಾಯಿ ರೋಗ ಬಂದಾಗ ದೇಶದ ಹಳ್ಳಿ ಹಾದಿಗಳನ್ನೆಲ್ಲ ತಿಂಗಳುಗಟ್ಟಲೆ ಮುಚ್ಚಿದ್ದರು. ಆಗ ಅವನ ಅಪ್ಪ ಗೇಟಿನ ಬಳಿ ಸೋಂಕುನಿವಾರಕದಲ್ಲಿ ನೆನೆಸಿದ ಹುಲ್ಲು ಹಾಸಿ ಕಾವಲು ಕೂತಿದ್ದರಂತೆ. ಅವನ ಮಾತಿನಲ್ಲಿ ನ್ಯಾಯವಿತ್ತು. ದನ ಕಟ್ಟಿ ಗೊತ್ತಿರುವ ಮನೆಯಲ್ಲಿ ಹುಟ್ಟಿದವನು ನಾನು, ಗೇಟು ತೆರೆದಿಟ್ಟು ಹೋಗುವವರ ಮೇಲೆ ಅವನಿಗಿರುವ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಅಂಗಳದೊಳಗೆ ಜನ ಬರುವುದು ತೊಂದರೆಯಾದರೆ ಹಾದಿಯನ್ನು ಬೇರೆ ಕಡೆಗೆ ತಿರುಗಿಸಿಕೊಡಿ ಎಂದು ಅರ್ಜಿ ಹಾಕಲು ಅಲ್ಲಿ ಅವಕಾಶವಿದೆ. ಸ್ಥಳೀಯ ಆಡಳಿತವಾದ ಕೌನ್ಸಿಲ್ ಪ್ರಕಟಣೆ ಹೊರಡಿಸಿ, ಆಕ್ಷೇಪ ಕೇಳಿ, ಆದೇಶ ಮಾಡುತ್ತದೆ. ಬಹಿರಂಗವಾಗಿ ಕೇಳಿ ತಿರುಗಿಸಿಕೊಳ್ಳುವ ರೈತನನ್ನೂ, ರಾತ್ರಿ ಮುಳ್ಳುತಂತಿ ಬಿಗಿಯುವವನನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನಗೆ ಮನಸ್ಸಾಗುವುದಿಲ್ಲ.

ಸಂಜೆ ಹಳ್ಳಿಯ ಬೆಂಚಿನ ಮೇಲೆ ಕೂತು ಆ ಹಿರಿಯರು ವರದಿ ಬರೆದರು. ಪ್ಯಾರಿಷಿನ ಹೆಸರು, ಹಾದಿಯ ಸಂಖ್ಯೆ, ಅಡ್ಡಿ ಇರುವ ಜಾಗದ ಗ್ರಿಡ್ ಅಂಕಿ, ದಿನಾಂಕ, ಫೋಟೋ. ಯಾರ ಜಮೀನು, ಅವರು ಎಂಥವರು ಎಂಬುದರ ಬಗ್ಗೆ ಒಂದಕ್ಷರ ಇಲ್ಲ. ಆ ದೇಶದಲ್ಲಿ ಪ್ರತಿ ಹಾದಿಗೂ ಸಂಖ್ಯೆ ಇದೆ ಎಂಬುದೇ ನನಗೆ ಬೆರಗು. 1949ರ ಕಾಯಿದೆ ಪ್ರತಿ ಕೌಂಟಿಯೂ ತನ್ನ ಹಾದಿಗಳ ಅಧಿಕೃತ ನಕ್ಷೆ ತಯಾರಿಸಬೇಕೆಂದು ಹೇಳಿತು. ಹಳ್ಳಿ ಹಳ್ಳಿಯ ಪ್ಯಾರಿಷ್ ಕೌನ್ಸಿಲ್‌ಗಳು ಹಾದಿಗಳನ್ನು ಗುರುತಿಸಿ ಬರೆದುಕೊಟ್ಟವು. ಆ ನಕ್ಷೆಯಲ್ಲಿ ಇದ್ದದ್ದು ಇದೆ ಎಂಬುದಕ್ಕೆ ನ್ಯಾಯಾಲಯ ಬೇರೆ ಸಾಕ್ಷಿ ಕೇಳುವುದಿಲ್ಲ. ಇನ್ನು ಅಡ್ಡಿ ತೆಗೆಸುವುದು ಕೌನ್ಸಿಲ್ಲಿನ ದಯೆಯಲ್ಲ, ಕರ್ತವ್ಯ. ಸಾರ್ವಜನಿಕರ ಹಕ್ಕನ್ನು ಎತ್ತಿಹಿಡಿದು ಕಾಪಾಡುವುದು ಅದರ ಹೊಣೆ ಎಂದು ಕಾಯಿದೆಯಲ್ಲೇ ಬರೆದಿದೆ. ಅದು ಸುಮ್ಮನೆ ಕೂತರೆ ಯಾರು ಬೇಕಾದರೂ ನಿಗದಿತ ನಮೂನೆಯಲ್ಲಿ ನೋಟಿಸು ಕೊಡಬಹುದು, ಅದಕ್ಕೂ ಜಗ್ಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಮುರಿದ ತಡಮೆ ದುರಸ್ತಿ ಮಾಡಬೇಕಾದವನು ಜಮೀನಿನ ಒಡೆಯ. ಖರ್ಚಿನಲ್ಲಿ ಕಾಲು ಭಾಗವನ್ನಾದರೂ ಅವನು ಕೌನ್ಸಿಲ್ಲಿನಿಂದ ಪಡೆಯಬಹುದು.

ಹಾಗೆಂದು ಎಲ್ಲವೂ ಬೇಗ ಬಗೆಹರಿಯುತ್ತದೆ ಎಂದಲ್ಲ. ಕೌನ್ಸಿಲ್ಲುಗಳಲ್ಲಿ ದುಡ್ಡಿಲ್ಲ, ಇಡೀ ಕೌಂಟಿಗೆ ಹಾದಿ ನೋಡಿಕೊಳ್ಳುವ ನೌಕರರು ಬೆರಳೆಣಿಕೆಯಷ್ಟು. ಸಸೆಕ್ಸ್‌ನ ಫ್ರಾಮ್‌ಫೀಲ್ಡ್ ಹಳ್ಳಿಯ ಒಂಬತ್ತನೇ ಹಾದಿಯ ಕತೆಯನ್ನು ಅಲ್ಲಿ ನಡೆಯುವವರೆಲ್ಲ ಬಲ್ಲರು. ಸಿರಿವಂತನೊಬ್ಬನ ಎಸ್ಟೇಟಿನಲ್ಲಿ ಆ ಹಾದಿಯ ಮೇಲೆ ಕೊಟ್ಟಿಗೆ ಎದ್ದಿತ್ತು, ಬೀಗ ಹಾಕಿದ ಗೇಟು, ಮುಳ್ಳುತಂತಿ, ಹಳೆಯ ಶೀತಲ ಪೆಟ್ಟಿಗೆಗಳ ರಾಶಿ ಎಲ್ಲವೂ ಬಂದಿದ್ದವು. ಅಡ್ಡಿ ತೆಗೆಸುವ ಬದಲು ಹಾದಿಯನ್ನೇ ಬೇರೆ ಕಡೆಗೆ ತಿರುಗಿಸಲು ಕೌಂಟಿ ಕೌನ್ಸಿಲ್ ಹೊರಟಾಗ ಕೇಟ್ ಆಶ್‌ಬ್ರೂಕ್ ಎಂಬ ಹೋರಾಟಗಾರ್ತಿ ಅದನ್ನು ಪ್ರಶ್ನಿಸಿ 2002ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದರು. ಹಾದಿ ಮತ್ತೆ ತೆರೆದದ್ದು 2003ರಲ್ಲಿ, ಹದಿಮೂರು ವರ್ಷ ಹೋರಾಡಿದ ಮೇಲೆ. ಒಂದು ಹೊಲದ ಹಾದಿಗೆ ಇಷ್ಟು ಪಟ್ಟೇ ಎಂದು ನಮ್ಮಲ್ಲಿ ಕೇಳುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ದೊಡ್ಡವರೊಬ್ಬರು ನುಂಗಿ ದಕ್ಕಿಸಿಕೊಂಡ ಒಂದು ದಾರಿ ಊರಿನ ಉಳಿದ ದಾರಿಗಳಿಗೂ ಮುಳ್ಳುತಂತಿ ತರುತ್ತದೆ.

ಮುಂದಿನ ವಾರ ರೈಲು, ಬಸ್ಸು ಹಿಡಿದು ಹೇಫೀಲ್ಡಿಗೆ ಹೋದೆವು. ಕಿಂಡರ್ ಗುಡ್ಡದ ಬುಡದಲ್ಲಿರುವ ಕಲ್ಲು ಮನೆಗಳ ಪುಟ್ಟ ಊರು. ಸ್ನೇಕ್ ಪಾತ್ ಎಂಬ ಹಾದಿ ಅಲ್ಲಿಂದ ಹೊರಟು, ನೇರಳೆ ಬಣ್ಣದ ಹೆದರ್ ಹೂ ತುಂಬಿದ ಗುಡ್ಡದ ಓರೆಯಲ್ಲಿ ಏರಿ, ಕೆಳಗಿನ ಜಲಾಶಯವನ್ನು ಕಾಣಿಸುತ್ತ ವಿಲಿಯಂ ಕ್ಲಫ್ ಎಂಬ ಕೊರಕಲಿಗೆ ಇಳಿದು, ಮತ್ತೆ ಕಲ್ಲು ಕಲ್ಲು ಹತ್ತಿ ಮೇಲಿನ ಬಯಲು ಸೇರುತ್ತದೆ. ಅಲ್ಲಿ ಗಾಳಿಯೆಂದರೆ ಮಾತಾಡಿದ್ದು ಪಕ್ಕದವರಿಗೆ ಕೇಳುವುದಿಲ್ಲ. ಗುಡ್ಡವೆಲ್ಲ ಒಂದು ಕಾಲಕ್ಕೆ ಗ್ರೌಸ್ ಹಕ್ಕಿಯ ಬೇಟೆಗೆಂದು ಸಿರಿವಂತರು ಕಾದಿರಿಸಿಕೊಂಡದ್ದು; ಬಂದವರನ್ನು ಅಟ್ಟಲು ಕಾವಲಿನವರಿದ್ದರು. ಊರವರ ಸಂಘವೊಂದು ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ ಈ ಹಾದಿ 1897ರಲ್ಲಿ ಸಾರ್ವಜನಿಕರಿಗೆ ದಕ್ಕಿತು. ನನ್ನ ಜೊತೆಗಾರ್ತಿಯ ಸಂಘ ಹುಟ್ಟಿದ್ದೂ ಇದೇ ಹೋರಾಟದಲ್ಲಿ, 1894ರಲ್ಲಿ. ಅದರ ಹಸಿರು ಬಣ್ಣದ ಕಬ್ಬಿಣದ ಕೈಕಂಬಗಳು ಈಗಲೂ ಗುಡ್ಡದ ತಿರುವುಗಳಲ್ಲಿ ನಿಂತಿವೆ.

ಅದಕ್ಕೂ ಹಿಂದಿನ ಬೇರು ಮ್ಯಾಂಚೆಸ್ಟರಿನ ಅಂಚಿನ ಫ್ಲಿಕ್ಸ್‌ಟನ್ನಿನಲ್ಲಿದೆ. 1815ರ ಕಾಯಿದೆಯೊಂದು, ಇಬ್ಬರು ಮ್ಯಾಜಿಸ್ಟ್ರೇಟರು ಸಹಿ ಹಾಕಿದರೆ ಬೇಡವಾದ ದಾರಿಯನ್ನು ಮುಚ್ಚಬಹುದು ಎಂದಿತ್ತು. ಮ್ಯಾಜಿಸ್ಟ್ರೇಟರೆಂದರೆ ಆ ಊರಿನ ಜಮೀನ್ದಾರರೇ. ಫ್ಲಿಕ್ಸ್‌ಟನ್ನಿನಲ್ಲಿ ಹಾಗೆ ಒಬ್ಬ ಮ್ಯಾಜಿಸ್ಟ್ರೇಟನ ಎಸ್ಟೇಟಿನೊಳಗಿನ ಹಾದಿ ಮುಚ್ಚಿದಾಗ ಜನ ಬೇಲಿ ಕಿತ್ತರು, ಅದು ಮತ್ತೆ ಎದ್ದಿತು, ಮತ್ತೆ ಕಿತ್ತರು. 1826ರಲ್ಲಿ ಮ್ಯಾಂಚೆಸ್ಟರಿನವರು ಪುರಾತನ ಕಾಲುದಾರಿಗಳ ರಕ್ಷಣೆಗೆ ಸಂಘ ಕಟ್ಟಿಕೊಂಡು ಕೋರ್ಟಿಗೆ ಹೋದರು. ವಾರವೆಲ್ಲ ಹತ್ತಿ ಗಿರಣಿಯ ಹೊಗೆ ಕುಡಿಯುತ್ತಿದ್ದ ಊರು ಅದು. ಅಲ್ಲಿನವರಿಗೆ ಭಾನುವಾರದ ನಡಿಗೆ ಉಸಿರಿನ ಪ್ರಶ್ನೆಯಾಗಿತ್ತು. 1896ರ ಸೆಪ್ಟೆಂಬರಿನಲ್ಲಿ ಬೋಲ್ಟನ್ನಿನ ವಿಂಟರ್ ಹಿಲ್ ಹಾದಿಗೆ ಒಡೆಯ ಗೇಟು ಹಾಕಿದಾಗ ಸುಮಾರು ಹತ್ತು ಸಾವಿರ ಮಂದಿ ಒಟ್ಟಾಗಿ ಅದನ್ನು ದಾಟಿ ನಡೆದರು. ಕೋರ್ಟಿನಲ್ಲಿ ಒಡೆಯನೇ ಗೆದ್ದ. ಆ ದಾರಿ ವಿಧಿವತ್ತಾಗಿ ಸಾರ್ವಜನಿಕವಾದದ್ದು ನೂರು ವರ್ಷ ಕಳೆದ ಮೇಲೆ, 1996ರಲ್ಲಿ. 1932ರ ಏಪ್ರಿಲ್ 24ರಂದು ಹೇಫೀಲ್ಡಿನಿಂದ ಕಿಂಡರ್ ಗುಡ್ಡಕ್ಕೆ ನುಗ್ಗಿದ ಬೆನ್ನಿ ರಾತ್‌ಮನ್ ಮತ್ತು ಸಂಗಡಿಗರ ಕತೆ ಇದಕ್ಕಿಂತ ಹೆಚ್ಚು ಪ್ರಸಿದ್ಧ. ಐದು ಮಂದಿ ಜೈಲಿಗೆ ಹೋದರು. ಅವರು ಕೇಳಿದ್ದು ಒಂದು ಹಾದಿಯನ್ನಲ್ಲ, ಬಯಲಿನಲ್ಲಿ ಎಲ್ಲಿ ಬೇಕಾದರೂ ಓಡಾಡುವ ಹಕ್ಕನ್ನು. ನನಗೆ ಮಾತ್ರ ಹೆಚ್ಚು ಹತ್ತಿರವೆನಿಸಿದ್ದು ಹಾದಿಗಾಗಿ ವರ್ಷ ವರ್ಷ ಅರ್ಜಿ ಬರೆದವರು. ಅವರ ಕೆಲಸದಲ್ಲಿ ರೋಮಾಂಚನವಿಲ್ಲ, ಆದರೆ ಅವರು ಬಿಟ್ಟುಹೋದದ್ದರ ಮೇಲೆ ನಾನು ಕಾಲಿಟ್ಟು ನಡೆದೆ.

1932ರಲ್ಲೇ ಬ್ರಿಟನ್ನಿನ ಸಂಸತ್ತು ಇನ್ನೊಂದು ಕಾಯಿದೆ ಮಾಡಿತು: ಜನ ಇಪ್ಪತ್ತು ವರ್ಷ ತಡೆಯಿಲ್ಲದೆ, ಯಾರ ಅಪ್ಪಣೆಯನ್ನೂ ಬೇಡದೆ ನಡೆದ ದಾರಿಯನ್ನು ಒಡೆಯ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾನೆ ಎಂದೇ ತಿಳಿಯಬೇಕು. ಈ ಇಪ್ಪತ್ತು ವರ್ಷದ ಲೆಕ್ಕ ನಮಗೂ ಹೊಸತಲ್ಲ. ಇಂಗ್ಲಿಷರ ನ್ಯಾಯದ ಜಾಡಿನಲ್ಲೇ ರಚಿಸಿದ ನಮ್ಮ 1882ರ ಅನುಭೋಗದ ಹಕ್ಕುಗಳ ಕಾಯಿದೆಯಲ್ಲಿ, ಒಬ್ಬನ ಜಮೀನಿನ ಮೇಲೆ ಇನ್ನೊಬ್ಬನಿಗೆ ದಾರಿ ಹಕ್ಕು ಹುಟ್ಟುವುದಕ್ಕೂ ಅಷ್ಟೇ ಕಾಲ. ಇನ್ನು ಊರೆಲ್ಲ ಬಳಸುವ ದಾರಿಗೆ ಅದೂ ಬೇಡ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೇ ಕಲಂ, ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳೆಲ್ಲ ಸರ್ಕಾರದ ಸ್ವತ್ತು ಎನ್ನುತ್ತದೆ. ಸರ್ವೆಯವರ ಗ್ರಾಮ ನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಗೆರೆ ಎಳೆದು ತೋರಿಸಿರುತ್ತಾರೆ. ಪಹಣಿಯಲ್ಲಿ ದಾರಿ, ಹಳ್ಳಗಳಿಗೆ ಹೋದ ಗುಂಟೆಗಳನ್ನು ‘ಬಿ’ ಖರಾಬು ಎಂದು ಕಳೆದಿರುತ್ತಾರೆ. ಅಂದರೆ ನಮ್ಮಲ್ಲಿಯೂ ನಕ್ಷೆಯಿದೆ, ಗೆರೆಯಿದೆ, ಕಾಯಿದೆಯಿದೆ.

ಇಲ್ಲದಿರುವುದು ಆ ಗೆರೆಯ ಮೇಲೆ ವರ್ಷಕ್ಕೊಮ್ಮೆ ನಡೆದು ನೋಡಿ ಬರೆದಿಡುವವರು. ದಾರಿ ಮುಚ್ಚಿದರೆ ಅದನ್ನು ಇಬ್ಬರ ನಡುವಿನ ವ್ಯಾಜ್ಯವೆಂದು ತಿಳಿಯುತ್ತೇವೆ. ಮುಚ್ಚಿಸಿಕೊಂಡವನ ಮನೆಯವರು ಅಲೆಯುತ್ತಾರೆ, ಉಳಿದವರು ನಮಗೇಕೆ ಎಂದು ಸುತ್ತು ಹಾಕುತ್ತಾರೆ. ತಾಲೂಕು ಕಚೇರಿಯೂ ಪಂಚಾಯಿತಿಯೂ ಅದನ್ನು ನೆರೆಹೊರೆಯ ಮನಸ್ತಾಪದ ಹಾಗೆ ನೋಡಿ ರಾಜಿ ಮಾಡಿಕೊಳ್ಳಿ ಎನ್ನುತ್ತವೆ. ಅತಿ ಹೆಚ್ಚು ನಷ್ಟವಾಗುವುದು ಜಮೀನೇ ಇಲ್ಲದವರಿಗೆ: ಕೂಲಿಗೆ ಹೋಗುವ ಹೆಂಗಸರಿಗೆ, ಸೌದೆ ತರುವವರಿಗೆ, ಶಾಲೆಗೆ ನಡೆಯುವ ಮಕ್ಕಳಿಗೆ, ಹೆಣ ಹೊತ್ತು ಸ್ಮಶಾನಕ್ಕೆ ಹೋಗುವವರಿಗೆ. ಹಕ್ಕು ಸಾರ್ವಜನಿಕರದ್ದು ಎಂದರೆ ನನ್ನದೂ ಹೌದು ಎಂದು ಎದ್ದು ಬರುವ ನಾಲ್ಕು ಮಂದಿ ಇದ್ದಿದ್ದರೆ ನಮ್ಮ ಎಷ್ಟೋ ದಾರಿಗಳು ಉಳಿಯುತ್ತಿದ್ದವು. ಸ್ಟಾಕ್‌ಪೋರ್ಟಿನ ಆ ಹಿರಿಯರ ಹತ್ತಿರ ಅಧಿಕಾರವಾಗಲಿ ಹಣವಾಗಲಿ ಇರಲಿಲ್ಲ. ತನ್ನದಲ್ಲದ ಊರಿನ, ತನಗೆ ದಿನವೂ ಬೇಕಿಲ್ಲದ ಹಾದಿಗಾಗಿ ಒದ್ದೆ ಜೋಳದಲ್ಲಿ ನುಗ್ಗಿ ನಡೆದರು.

ಊರಿಗೆ ಬಂದ ಮೇಲೆ ಗ್ರಾಮ ನಕ್ಷೆಯ ಪ್ರತಿ ತರಿಸಿದೆ. ನಮ್ಮ ಕೇರಿಯಿಂದ ಹೊಳೆ ದಾಟಿ ಶಾಲೆಯ ಗುಡ್ಡಕ್ಕೆ ಹೋಗುತ್ತಿದ್ದ ಕಾಲುದಾರಿಯ ತುಂಡುಗೆರೆ ಅದರಲ್ಲಿ ಸ್ಪಷ್ಟವಾಗಿದೆ. ಅದು ಹಾಯುವುದು ದೊಡ್ಡಪ್ಪನ ಮಗನ ತೋಟದ ಪಕ್ಕ. ಹೊಸ ಅಡಿಕೆ ಸಸಿ ಇಟ್ಟಾಗ ಅಣ್ಣ ಅಲ್ಲಿಗೆ ತಂತಿ ಬೇಲಿ ಎಳೆಸಿದ್ದ. ಈಗ ಕೇರಿಯ ಮಕ್ಕಳು ಟಾರ್ ರಸ್ತೆಯಲ್ಲಿ, ಲಾರಿಗಳ ಪಕ್ಕದಲ್ಲಿ ಸುತ್ತಿ ಬರುತ್ತವೆ. ನಕ್ಷೆ ಹಿಡಿದುಕೊಂಡು ಒಂದು ಸಂಜೆ ಅವನ ಮನೆಗೆ ಹೋದೆ. ಮೊದಲು ಅವನ ಮುಖ ಬಿಗಿಯಿತು.

“ದನ ನುಗ್ಗತ್ತೆ ಅಂತ ಹಾಕಿದ್ದು ಮಾರಾಯ, ಜನರನ್ನ ತಡೆಯೋಕೆ ಅಲ್ಲ” ಎಂದ.

“ಹಂಗಾದ್ರೆ ಬೇಲಿ ಇರಲಿ ಅಣ್ಣ. ನಕ್ಷೆಯಲ್ಲಿ ದಾರಿ ಇರೋ ಜಾಗದಲ್ಲಿ ಎರಡು ಕಡೆ ತಡಮೆ ಇಡೋಣ. ದನ ದಾಟಲ್ಲ, ಮಕ್ಕಳು ದಾಟ್ತವೆ. ಮರದ ಖರ್ಚು ಕೇರಿಯವರೆಲ್ಲ ಸೇರಿ ಕೊಡ್ತೇವೆ. ಒಂದು ಕಾಗದ ಬರೆದು ಪಂಚಾಯಿತಿಗೂ ಕೊಟ್ಟಿರೋಣ, ನಾಳೆ ನಮ್ಮ ಮಕ್ಕಳ ಕಾಲಕ್ಕೆ ಮತ್ತೆ ಜಗಳ ಬೇಡ.”

ಅವನು ನಕ್ಷೆಯನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ತನ್ನ ಸರ್ವೆ ನಂಬರು ಹುಡುಕಿದ, ಗೆರೆಯ ಮೇಲೆ ಬೆರಳು ಓಡಿಸಿದ, ಅತ್ತಿಗೆಯನ್ನು ಕರೆದು ತೋರಿಸಿದ. “ಕಾಗದ ಬೇಕಾದ್ರೆ ಕೊಡು. ಆದ್ರೆ ಕೊಯ್ಲು ಮುಗೀಲಿ, ಆಳುಗಳು ಆಮೇಲೆ ಸಿಗ್ತಾರೆ” ಎಂದ. ಪಂಚಾಯಿತಿಗೆ ಅರ್ಜಿಯನ್ನು ಕೇರಿಯ ಹದಿನೇಳು ಮನೆಯವರ ಸಹಿ ಹಾಕಿಸಿ ಕೊಟ್ಟಿದ್ದೇವೆ. ಅಣ್ಣನ ಸಹಿಯೂ ಅದರಲ್ಲಿದೆ.